ಬಿಳಿ ಮನೆ 52, ಕರಿ ಮನೆ 36

ಮಗಳಿಗೆಂದು ಡಿಜಿಟಲ್ ಪಿಯಾನೊ ತಂದು ಎರಡು ವರ್ಷವಾಗಿತ್ತು. ಒಂದು ದಿನ ಕೆಮ್ಮಿದ್ದಿಲ್ಲ, ಸೀನಿದ್ದಿಲ್ಲ. ಅದಕ್ಕೆ ಕಾಯಿಲೆಗಳು ಶುರುವಾದದ್ದು ಅಪ್ಪ ಅವ್ವ ಆರು ತಿಂಗಳ ಮಟ್ಟಿಗೆ ನ್ಯೂಜೆರ್ಸಿಯ ಎಡಿಸನ್ನಿಗೆ ಬಂದಿಳಿದ ಮೇಲೆ. ಇದು ನನ್ನ ಮಾತಲ್ಲ, ಹೆಂಡತಿಯದು. ಅವಳು ಮೈಸೂರಿನವಳು. ಮಂಡ್ಯದವರ ಮೇಲೆ ತಪ್ಪು ಹೊರಿಸುವಾಗ ಮೈಸೂರಿನವರು ದನಿ ಏರಿಸುವುದಿಲ್ಲ, ಸುಮ್ಮನೆ ತಾರೀಖು ಹೇಳುತ್ತಾರೆ.

ಅಪ್ಪನ ಊರು ಮಳವಳ್ಳಿ ತಾಲ್ಲೂಕು, ಅವ್ವನ ತವರು ಮದ್ದೂರು, ನಾನು ಇಂಜಿನಿಯರಿಂಗ್ ಮುಗಿಸಿದ್ದು ಮಂಡ್ಯದಲ್ಲಿ. ಬಂದ ಮರುದಿನವೇ ಅಪ್ಪ ಪಿಯಾನೊ ಮುಂದೆ ಕುಕ್ಕರಿಸಿ ಎಣಿಸಿದರು. "ಬಿಳೀ ಮನೆ ಐವತ್ತೆಲ್ಡು, ಕರೀ ಮನೆ ಮೂವತ್ತಾರು. ಅಲ್ಲ ಕಣ್ಲಾ, ಈ ದೇಸ್ದಲ್ಲಿ ಇರೋದು ಒಂದೇ ಬಿಳೀ ಮನೆ ಅಂತಿದ್ರಲ್ಲ?" ಹಾರ್ಮೋನಿಯಂ ಪಕ್ಕ ಕೂತು ಬೆಳೆದವರಿಗೆ ಕೀ ಅಂದರೆ ಮನೆ. ಆಮೇಲೆ ಕೆಳಗಿನ ಪೆಡಲನ್ನು ಎಡೆಬಿಡದೆ ತುಳಿಯತೊಡಗಿದರು. "ತುಳೀದಿದ್ರೆ ಗಾಳಿ ಎಲ್ಲಿಂದ ಬತ್ತದೆ?"

ನಮ್ಮ ಕಡೆ ಊರೂರಲ್ಲಿ ಕುರುಕ್ಷೇತ್ರ ನಾಟಕ ಆಡುವುದು ನಿಮಗೆ ಗೊತ್ತಿರಬಹುದು. ಪಾತ್ರ ಬೇಕಾದವನು ದುಡ್ಡು ಕಟ್ಟಬೇಕು. ದುರ್ಯೋಧನನಿಗೆ ಜಾಸ್ತಿ, ಹೊಡೆದಾಟ ಬಡಿದಾಟ ಇಲ್ಲದವರಿಗೆ ಕಮ್ಮಿ. ಅಪ್ಪನ ಕೈಗೆಟುಕಿದ್ದು ಧರ್ಮರಾಯ. ತಿಂಗಳುಗಟ್ಟಲೆ ಪ್ರಾಕ್ಟೀಸಿನಲ್ಲಿ ಮೇಷ್ಟ್ರ ಕಾಲುಹಾರ್ಮೋನಿಯಂ ಪಕ್ಕ ಕೂತು ನಾಲ್ಕು ಮಟ್ಟು ಕಲಿತರು. ದ್ರೋಣನ ಮುಂದೆ ಅರ್ಧ ಸುಳ್ಳು ಹೇಳುವ ದೃಶ್ಯದಲ್ಲಿ, "ಕುಂಜರ" ಅನ್ನುವ ಮಾತು ಮುಳುಗಿಹೋಗಲು ಕೃಷ್ಣ ಶಂಖ ಊದಬೇಕಲ್ಲ, ಆ ರಾತ್ರಿ ಶಂಖ ಸಿಗಲಿಲ್ಲವಂತೆ. ಮೇಷ್ಟ್ರೇ ಹಾರ್ಮೋನಿಯಂ ಜೋರು ಮಾಡಿ ಮುಳುಗಿಸಿದರಂತೆ. ಈ ಕತೆಯನ್ನು ನಾನು ಹುಟ್ಟಿದಂದಿನಿಂದ ಕೇಳಿದ್ದೇನೆ.

ಮೊದಲ ಕಾಯಿಲೆ: ದೀಪ ಹತ್ತುತ್ತದೆ, ಸದ್ದಿಲ್ಲ. ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನವನು, ದೋಷ ಹುಡುಕುವುದೇ ಹೊಟ್ಟೆಪಾಡು. ಅಡಾಪ್ಟರ್ ಕಿತ್ತು ಹಾಕಿದೆ, ವಾಲ್ಯೂಮ್ ತುದಿಗೆ ತಿರುಗಿಸಿದೆ, ಕೊನೆಗೆ ಕಂಪನಿಯವರಿಗೆ ಫೋನ್ ಹಚ್ಚಿದೆ. ನಲವತ್ತು ನಿಮಿಷ ಕಾಯಿಸಿದರು. ಅಷ್ಟು ಹೊತ್ತೂ ಕೇಳಿಸಿದ್ದು ಪಿಯಾನೊ ಸಂಗೀತ. ಅವರದು ಕೆಟ್ಟಿರಲಿಲ್ಲ. ಆಮೇಲೆ ಒಬ್ಬಾತ ಬಂದು, "ಪ್ಲಗ್ ಹಾಕಿದ್ದೀರಾ?" ಎಂದ. ನಾನು ದಿನಾ ಬೇರೆಯವರಿಗೆ ಕೇಳುವ ಪ್ರಶ್ನೆ. ಅದು ಇಷ್ಟು ಚುಚ್ಚುತ್ತದೆ ಅಂತ ಗೊತ್ತಿರಲಿಲ್ಲ.

ನೆಲದ ಮೇಲೆ ಕೂತು ಕಡ್ಲೆಕಾಯಿ ಸುಲಿಯುತ್ತಿದ್ದ ಅಪ್ಪ ಪಿಯಾನೊ ತಳಕ್ಕೆ ಬೆರಳು ತೋರಿಸಿ, "ಇದೇನ್ಲಾ, ಮೂಗ್ಬಟ್ಟು ಇದ್ದಂಗೈತೆ?" ಎಂದರು. ಹೆಡ್‌ಫೋನಿನ ಸಣ್ಣ ಪಿನ್ನಿಗೆ ಹಾಕುವ ದಪ್ಪ ಅಡಾಪ್ಟರ್ ತೂತಿನಲ್ಲೇ ಉಳಿದಿತ್ತು. ಹೆಡ್‌ಫೋನ್ ಇಲ್ಲದಿದ್ದರೂ ಆ ತುಂಡೊಂದು ಒಳಗಿದ್ದರೆ ಸಾಕು, ಯಾರೋ ಕಿವಿಗೆ ಹಾಕಿಕೊಂಡಿದ್ದಾರೆ ಅಂದುಕೊಂಡು ಪಿಯಾನೊ ಸ್ಪೀಕರ್ ಬಾಯಿ ಮುಚ್ಚಿಸಿಬಿಡುತ್ತದೆ. ಕಿತ್ತೆ, ಮಾತಾಡಿತು. "ಕೆಟ್ಟಿರ್ಲಿಲ್ಲ ಕಣ್ಲಾ, ಮುನಿಸ್ಕೊಂಡಿತ್ತು. ಯಾವನೋ ಮುಟ್ಟವ್ನೆ" ಎಂದರು ಅಪ್ಪ. ಎಷ್ಟು ಬೇಗ ಕಂಡುಹಿಡಿದರಲ್ಲ ಅಂತ ಆವತ್ತು ನನಗೆ ಹೆಮ್ಮೆಯೇ ಆಯಿತು.

ಇನ್ನೊಂದು ದಿನ, ಮಗಳು ಹಾಲು ಕುಡಿಯಲು ಹೋಗಿ ಬರುವಷ್ಟರಲ್ಲಿ ಪಿಯಾನೊ ಆರಿಹೋಗಿತ್ತು. ಅವಳು ಹಾಲು ಕುಡಿಯುವುದಕ್ಕೆ ಅರ್ಧ ಗಂಟೆ ಬೇಕು, ಅರ್ಧ ಗಂಟೆ ಯಾರೂ ಮುಟ್ಟದಿದ್ದರೆ ಅದು ತಾನೇ ಆರುತ್ತದೆ. ಇಷ್ಟೇ ವಿಷಯ. ಅಪ್ಪ ಮಾತ್ರ, "ಇಲ್ಲೂ ಕರೆಂಟ್ ತೆಗೀತಾರೇನ್ಲಾ?" ಎಂದು ಶುರುಮಾಡಿ ಶಿವನಸಮುದ್ರಕ್ಕೆ ಹೋದರು. ನಮ್ಮ ತಾಲ್ಲೂಕಿನ ನೀರಿಂದ 1902ರಲ್ಲೇ ಕರೆಂಟು ಮಾಡಿ, ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದವರು ನಾವು, ನಮಗೇ ಇದು ಸ್ವಿಚ್ಚಿನ ಪಾಠ ಹೇಳುತ್ತದೆಯೇ ಅನ್ನುವುದು ವಾದ. ಗಣಿಗೆ ಹೋದ ಕರೆಂಟು ಅಪ್ಪನ ಊರಿಗೆ ಬಂದದ್ದು ಯಾವಾಗ ಎಂದು ಹೆಂಡತಿ ಕೇಳಿದಳು. ಅಪ್ಪನಿಗೆ ಕಿವಿ ಸ್ವಲ್ಪ ಮಂದ.

ಪೆಡಲಿನದು ಅವ್ವನ ಕೆಲಸ. ಸೂಟ್‌ಕೇಸಿನಲ್ಲಿ ಹೊತ್ತು ತಂದ ರಾಗಿಹಿಟ್ಟಿನ ಚೀಲಕ್ಕೆ ಅಡುಗೆಮನೆಯಲ್ಲಿ ಜಾಗ ಸಾಲದೆ ಪಿಯಾನೊ ಕೆಳಗೆ ತಳ್ಳಿದ್ದಳು, ಅದು ಸರಿಯಾಗಿ ಪೆಡಲಿನ ಮೇಲೆ ಕೂತಿತ್ತು. ಕೆಲವು ಪಿಯಾನೊಗಳು ಆನ್ ಆಗುವ ಗಳಿಗೆಯಲ್ಲಿ ಪೆಡಲ್ ಹೇಗಿದೆಯೋ ಅದನ್ನೇ ಬಿಡುವಿನ ಸ್ಥಿತಿ ಎಂದು ತಿಳಿಯುತ್ತವೆ. ಚೀಲ ತೆಗೆದ ಮೇಲೆ ಎಲ್ಲ ಉಲ್ಟಾ: ಸುಮ್ಮನೆ ಬಿಟ್ಟರೆ ಸ್ವರ ಎಳೆಯುತ್ತಲೇ ಇರುತ್ತದೆ, ತುಳಿದರೆ ನಿಲ್ಲುತ್ತದೆ. "ನಿಮ್ಮಪ್ಪನಂಗೇಯ" ಎಂದಳು ಅವ್ವ. ಆರಿಸಿ, ಕಾಲು ತೆಗೆದು, ಮತ್ತೆ ಹಚ್ಚಿದರೆ ಸರಿಹೋಯಿತು. ಪಿಯಾನೊ ಮಾತ್ರ. ನಡುವಿನ ಒಂದು ಬಿಳಿ ಮನೆ ಒತ್ತಿದರೆ ಮೇಲೇಳದಾದದ್ದಕ್ಕೆ ಕಾರಣ ಅವ್ವ ಕರಿದ ಮದ್ದೂರು ವಡೆಯ ಈರುಳ್ಳಿ ಚೂರು. ಅದನ್ನು ಅಲ್ಲಿ ಕೂತು ತಿಂದವರು ಯಾರು ಎಂಬ ವಿಚಾರಣೆ ಈ ಬರಹದ ವ್ಯಾಪ್ತಿಗೆ ಬರುವುದಿಲ್ಲ.

ಕೊನೆಯದು ಜಟಿಲ. ವೀಡಿಯೊದಲ್ಲಿ ಪಾಠ ಹೇಳುವ ಟೀಚರು, ನಿನ್ನ ಪಿಯಾನೊ ಅರ್ಧ ಸ್ವರ ಮೇಲಿದೆಯಲ್ಲ ಎಂದರು. ಬಿಳಿ ಒಂದು ಒತ್ತಿದರೆ ಕಪ್ಪು ಒಂದು ನುಡಿಯುತ್ತಿದೆ. ಡಿಜಿಟಲ್ ಪಿಯಾನೊದಲ್ಲಿ ತಂತಿಯೇ ಇಲ್ಲ, ಶ್ರುತಿ ಇಳಿಯುವ ಏರುವ ಮಾತಿಲ್ಲ. ಯಾರೋ ಗುಂಡಿ ಒತ್ತಿ ಟ್ರಾನ್ಸ್‌ಪೋಸ್ ಮಾಡಿದ್ದಾರೆ.

"ಮೈಸೂರು ಅರಮನೇಲೇ ಪಿಯಾನೊ ಇತ್ತು" ಎಂದು ಹೆಂಡತಿ ಪೀಠಿಕೆ ಹಾಕಿದಳು. "ಜಯಚಾಮರಾಜ ಒಡೆಯರೇ ನುಡಿಸ್ತಿದ್ರು. ರಷ್ಯದ ಮೆಟ್ನರ್ ತನ್ನ ಮೂರನೇ ಪಿಯಾನೊ ಕಾನ್ಸರ್ಟೊನ ಅವರಿಗೇ ಅರ್ಪಿಸಿದ್ದು. ನಮಗೆ ಆ ವಸ್ತು ಹೇಗೆ ಮುಟ್ಟಬೇಕು ಅಂತ ಗೊತ್ತು." 1939ರವರೆಗೆ ಮಂಡ್ಯವೂ ಮೈಸೂರು ಜಿಲ್ಲೆಯೊಳಗೇ ಇತ್ತು ಎಂದು ನಾನು ಗೊಣಗಿದೆ. ಅವಳು ಅಪ್ಪನ ಕಡೆ ತಿರುಗಿ, "ಮಾವ, ನೀವೇನಾದ್ರೂ ಪಿಯಾನೊ ಮುಟ್ಟಿದ್ರಾ?" ಎಂದಳು.

"ನಾನೆಲ್ಲಿ ಮುಟ್ಟಾನವ್ವಾ," ಎಂದರು ಅಪ್ಪ, ಇನ್ನೂ ಏನೋ ಅಂದರು, ಅಷ್ಟರಲ್ಲಿ ಅವ್ವ ಚಟ್ನಿಗೆ ಮಿಕ್ಸಿ ಹಾಕಿದಳು.

ಯಾವ ಗುಂಡಿ ಎಂದು ಹುಡುಕುವುದಕ್ಕಿಂತ ಪೂರ್ತಿ ಅಳಿಸಿ ಮೊದಲಿನಂತೆ ಮಾಡುವುದೇ ಮೇಲು ಅನ್ನಿಸಿತು. ಬಲತುದಿಯ ಬಿಳಿ ಮನೆ ಒತ್ತಿಹಿಡಿದು ಪವರ್ ಕೊಟ್ಟರೆ ಸಾಕು. ಆದರೆ ಪಿಯಾನೊದೊಳಗೆ ರೆಕಾರ್ಡ್ ಆದದ್ದೂ ಅಳಿಸಿಹೋಗುತ್ತದೆ ಎಂದಿತ್ತು ಪುಸ್ತಕ. ಮಗಳದೇನಾದರೂ ಇದೆಯೇ ನೋಡೋಣವೆಂದು, ಎಲ್ಲರೂ ಮಲಗಿದ ಮೇಲೆ ಪ್ಲೇ ಒತ್ತಿದೆ.

ಮಗಳದಲ್ಲ. ಎರಡು ಸಾಲು ಮಟ್ಟು ಬಂತು, ಉಸಿರು ಬಿಟ್ಟು ಉಸಿರು ಎಳೆದಂತೆ. ಪೆಡಲನ್ನು ತಿದಿಯಂತೆ ತುಳಿದಿದ್ದಾರೆ. ಆಮೇಲೆ ಸದ್ದೇ ಇಲ್ಲ. ಕೆಟ್ಟಿತೇನೋ ಅಂದುಕೊಂಡೆ. ದೀಪ ಮಿನುಗುತ್ತಲೇ ಇತ್ತು. ಹತ್ತು ಹನ್ನೆರಡು ಸೆಕೆಂಡು ಕಳೆದು ಮತ್ತೆ ಒಂದು ಸಣ್ಣ ತುಣುಕು, ಮತ್ತೆ ಮೌನ. ಈ ಯಂತ್ರ ಹಿಡಿದಿಡುವುದು ಯಾವ ಮನೆ, ಎಷ್ಟು ಬಲ, ಎಷ್ಟು ಹೊತ್ತು ಅನ್ನುವುದನ್ನಷ್ಟೇ. ಗಂಟಲು ಅದಕ್ಕೆ ಕೇಳಿಸುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು, ಮನೆಮಂದಿ ಏಳದ ಹಾಗೆ ಪಿಸುದನಿಯಲ್ಲಿ, ಆ ಖಾಲಿ ಜಾಗಗಳಲ್ಲಿ ಧರ್ಮರಾಯ ಪದ್ಯ ಹೇಳಿದ್ದ. ಕೈ ಕಲಿತದ್ದು ಬಿಳಿ ಒಂದು, ಗಂಟಲಿಗೆ ಬೇಕಾದದ್ದು ಕಪ್ಪು ಒಂದು. ಟ್ರಾನ್ಸ್‌ಪೋಸ್ ಯಾಕೆ ಏರಿತ್ತು ಅನ್ನುವುದೂ ತಿಳಿಯಿತು.

ಅಳಿಸಲಿಲ್ಲ. ಪುಸ್ತಕ ಹುಡುಕಿ ಟ್ರಾನ್ಸ್‌ಪೋಸ್ ಒಂದನ್ನೇ ಸೊನ್ನೆಗೆ ತಂದೆ.

ಬೆಳಗ್ಗೆ ಅಪ್ಪ ಮತ್ತೆ ಕಡ್ಲೆಕಾಯಿ ಮುಂದಿಟ್ಟುಕೊಂಡಿದ್ದರು. "ಅಪ್ಪ, ಮುಟ್ಟೇ ಇಲ್ಲ ಅಂದ್ಯಲ್ಲ ಮೊನ್ನೆ?" ಎಂದೆ.

"ಹಗಲೊತ್ತು ಅಂದಿದ್ದೆ ಕಣ್ಲಾ. ನಿಮ್ಮವ್ವ ಮಿಕ್ಸಿ ಹಾಕ್ಬುಟ್ಳು."