ರಾಡಿನ ಮೇಲಿನ ಬಗರ್‌ಹುಕುಂ ಸಾಗುವಳಿದಾರರಿಗೆ

ಮಾನ್ಯ ಸ್ಟೆಫಿಲೊಕಾಕಸ್ ಆರಿಯಸ್ ಅವರಿಗೆ,

ವಿಷಯ: ನನ್ನ ಎಡಗಾಲಿನ ರಾಡಿನ ಮೇಲಿನ ಒತ್ತುವರಿ ತೆರವು ಮಾಡುವ ಬಗ್ಗೆ.

ಬೈಕಿನಿಂದ ಬಿದ್ದವನು ನಾನು, ಬಿಲ್ಲು ಕಟ್ಟಿದವನೂ ನಾನೇ. ಹಾಗಾಗಿ ಮೊಣಕಾಲ ಕೆಳಗಿನ ಮೂಳೆಯೊಳಗೆ ತೂರಿಸಿದ್ದ ಆ ಒಂದಡಿ ಟೈಟಾನಿಯಂಗೆ ಪಹಣಿ ಬರೆಸಿದರೆ 9ನೇ ಕಾಲಂನಲ್ಲಿ ನನ್ನ ಹೆಸರೇ ಬರಬೇಕು. ಸಾಗುವಳಿದಾರರ 12ನೇ ಕಾಲಂ ಮಾತ್ರ ತಮ್ಮದು. ಬೆಳೆ: ಕೀವು. ನಮ್ಮ ಕಡೆ ಬಗರ್‌ಹುಕುಂ ರೈತರು ನಮೂನೆ 50, 53, 57 ಎಂದು ಅರ್ಜಿ ಹಿಡಿದು ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸುತ್ತಿದ್ದಾರೆ. ತಮ್ಮದು ಮೂರೇ ವಾರದಲ್ಲಿ ಸಕ್ರಮ.

ರೋಗಾಣುಗಳಲ್ಲಿ ತಮ್ಮದು ದೊಡ್ಡ ಮನೆತನವೆಂದು ಬಲ್ಲೆ. ಅಬರ್ಡೀನಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ತಮ್ಮನ್ನು ಕೀವಿನಲ್ಲಿ ಕಂಡು, ದ್ರಾಕ್ಷಿ ಗೊಂಚಲಿನಂತಿದ್ದೀರೆಂದು 1882ರಲ್ಲಿ ಗ್ರೀಕ್ ಹೆಸರಿಟ್ಟರು. ಎರಡು ವರ್ಷ ಬಿಟ್ಟು ಜರ್ಮನಿಯ ರೋಸೆನ್‌ಬಾಕ್ 'ಬಂಗಾರದ' ಎಂಬ ಬಿರುದನ್ನೂ ಜೋಡಿಸಿದರು. ಜನರ ಮೂಗಿನ ಹೊಳ್ಳೆಯಲ್ಲಿ ಬಾಡಿಗೆ ಕೊಡದೆ ಇರುವವರಿಗೆ ಬಂಗಾರದ ಬಿರುದು! ಇರಲಿ.

ಬರಿಯ ಚರ್ಮದಲ್ಲಿ ಕೀವು ಎಬ್ಬಿಸಲು ತಮ್ಮ ಕಡೆಯ ಲಕ್ಷಾಂತರ ಮಂದಿ ಬೇಕಂತೆ. ಅದೇ ಒಂದು ಹೊಲಿಗೆ ದಾರ ಒಳಗಿದ್ದರೆ ಕೆಲವು ನೂರು ಮಂದಿ ಸಾಕೆಂದು 1957ರಲ್ಲೇ ಎಲೆಕ್ ಮತ್ತು ಕೊನೆನ್ ತೋರಿಸಿದ್ದರು. ದಾರಕ್ಕೇ ಈ ಪಾಡಾದರೆ ರಾಡಿನ ಗತಿ ಕೇಳಬೇಕೆ? ಒಳಗೆ ಹೋದ ಲೋಹದ ಮೈಯನ್ನು ದೇಹದ ಜೀವಕೋಶ ಮೊದಲು ಹಿಡಿಯುತ್ತದೋ ರೋಗಾಣು ಹಿಡಿಯುತ್ತದೋ ಎಂಬುದೇ ಪೈಪೋಟಿ ಎಂದು 1987ರಲ್ಲಿ ಆಂಥೊನಿ ಗ್ರಿಸ್ಟಿನಾ ಬರೆದರು. ನಮ್ಮ ಹಳ್ಳಿಯವರು ಯಾರೂ ಅದನ್ನು ಓದಿಲ್ಲ. ಆದರೂ ಮೊದಲು ಬೇಲಿ ಹಾಕಿದವನದೇ ಜಮೀನು ಎಂಬುದು ಅವರಿಗೆ ಗೊತ್ತು. ತಮ್ಮ ಬೇಲಿ ಲೋಳೆಯದು. ಲೋಹಕ್ಕೆ ರಕ್ತನಾಳವಿಲ್ಲ, ಲೋಳೆಯೊಳಗೆ ಕೂತವರಿಗೆ ಮಾಮೂಲಿ ಡೋಸು ತಾಕುವುದೂ ಇಲ್ಲ. ತಿಂಗಳುಗಟ್ಟಲೆ ನಾನು ನುಂಗಿದ ಮಾತ್ರೆ ತಮಗಿಂತ ನನ್ನ ಹೊಟ್ಟೆಗೇ ಹೆಚ್ಚು ಕಾಟ ಕೊಟ್ಟಿತು.

ತಮಗಿಂತ ಮುಂಚೆ ಮದ್ದೇ ಹೋಗಿ ಆ ಜಾಗದಲ್ಲಿ ಕೂತುಬಿಡಲಿ ಎಂಬ ಕುತಂತ್ರ ಹ್ಯಾಂಬರ್ಗಿನ ಬುಖ್‌ಹೋಲ್ಟ್ಸ್ ಅವರದು. 1970ರ ಹೊತ್ತಿಗೆ ಅವರು ಕೀಲು ಕೂರಿಸುವ ಸಿಮೆಂಟಿಗೇ ಜೆಂಟಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಬೆರೆಸಿದ್ದರು. ಸಿಮೆಂಟು ಗಟ್ಟಿಯಾಗುವಾಗಿನ ಬಿಸಿಗೂ ಆ ಮದ್ದು ಕೆಡದು. ಆಮೇಲೆ ಯುರೋಪಿನಲ್ಲಿ ರಾಡಿಗೇ ಜೆಂಟಾಮೈಸಿನ್ ಲೇಪ ಬಂತು. ಅದನ್ನು ಹಿಡಿದಿಡುವ ಪಾಲಿಲ್ಯಾಕ್ಟೈಡ್ ದೇಹದಲ್ಲೇ ಕರಗುತ್ತದೆ. ಮದ್ದಿನ ಬಹುಪಾಲು ಮೊದಲ ಒಂದೆರಡು ದಿನದಲ್ಲೇ, ಪೈಪೋಟಿ ನಡೆಯುವ ಹೊತ್ತಿಗೇ, ಹೊರಬೀಳುತ್ತದೆ. ರಕ್ತಕ್ಕೆ ಸೇರುವುದು ಅತ್ಯಲ್ಪ, ಕಿಡ್ನಿ ಬಚಾವ್.

ಹೆದರಬೇಡಿ, ತಮ್ಮ ಪರವಾಗಿ ನಾವಿದ್ದೇವೆ. ನೆಗಡಿಯಾದರೆ ಮೆಡಿಕಲ್ ಶಾಪಿಗೆ ಹೋಗಿ "ಪವರ್ ಇರೋದು ಕೊಡಿ ಅಣ್ಣಾ" ಎಂದು ಕೇಳಿ, ಎರಡು ನುಂಗಿ, ಉಳಿದ ಮೂರನ್ನು ದೇವರ ಪಟದ ಹಿಂದೆ ಇಡುವ ಪುಣ್ಯಾತ್ಮರು ನಾವು. ನೆಗಡಿಯ ವೈರಸ್ಸಿಗೆ ಆ ಆ್ಯಂಟಿಬಯೋಟಿಕ್ಕಿನಿಂದ ಏನೂ ಆಗದು. ಪಕ್ಕದಲ್ಲೇ, ಅದೇ ಮೂಗಿನಲ್ಲಿ, ತಾವು ಕೂತು ಪಾಠ ಕಲಿಯುತ್ತೀರಿ. ಜೆಂಟಾಮೈಸಿನ್ನಿಗೆ ಬಗ್ಗದ ತಮ್ಮ ಬಂಧುಗಳಿಗೆ ಆ ಲೇಪ ಗೋಡೆಗೆ ಹೊಡೆದ ಸುಣ್ಣದಷ್ಟೇ.

ಯುರೋಪಿನ ಲೇಪ ನನ್ನ ಕಾಲಿನವರೆಗೆ ಬರಲಿಲ್ಲ. ಮೊನ್ನೆ ಹಳೆಯ ರಾಡು ಕಿತ್ತು, ನಮ್ಮ ಡಾಕ್ಟರು ಥಿಯೇಟರಿನಲ್ಲೇ ಕೈಯಾರೆ ಹೊಸದೊಂದು ಮಾಡಿದರು. ಸೊಂಟದ ಕೆಳಗೆ ಮಾತ್ರ ಮರಗಟ್ಟಿದ್ದರಿಂದ ಎಲ್ಲ ಕೇಳಿಸುತ್ತಿತ್ತು. ಎದೆಯ ನೀರು ತೆಗೆಯುವ ಪ್ಲಾಸ್ಟಿಕ್ ಟ್ಯೂಬಿಗೆ ವ್ಯಾಂಕೊಮೈಸಿನ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್ ಕಲಸಿದ ಸಿಮೆಂಟು ತುಂಬುವುದು, ನಡುವೆ ಸಣ್ಣ ಸ್ಟೀಲ್ ಸರಳು ತೂರಿಸುವುದು, ಗಟ್ಟಿಯಾದ ಮೇಲೆ ಟ್ಯೂಬನ್ನು ಉದ್ದಕ್ಕೆ ಸೀಳಿ ಸುಲಿಯುವುದು. ಥೇಟ್ ಐಸ್‌ಕ್ಯಾಂಡಿ.

ಮದ್ದು ಇರುವವರೆಗೆ ಆ ಸಿಮೆಂಟು ಕಾವಲುಗಾರ. ಮುಗಿದ ಮೇಲೆ ಅದೂ ತಮಗೆ ಒಂದು ಖಾಲಿ ಸೈಟು. ಅದಕ್ಕೇ ಕೆಲವು ವಾರ ಬಿಟ್ಟು ಅದನ್ನೂ ತೆಗೆಯುತ್ತಾರಂತೆ. ಮುಂದಿನ ತಿಂಗಳು 12ಕ್ಕೆ ದಿನ ಕೊಟ್ಟಿದ್ದಾರೆ. ಬೆಳಗ್ಗೆ ಎಂಟಕ್ಕೆ, ಖಾಲಿ ಹೊಟ್ಟೆಯಲ್ಲಿ. ತಾವು ಅದಕ್ಕೆ ಮುಂಚೆಯೇ ಜಾಗ ಖಾಲಿ ಮಾಡಿದರೆ ಮಹಜರಿನ ಖರ್ಚು ಉಳಿದೀತು.

ಇಂತಿ,
9ನೇ ಕಾಲಂನವನು