ಬುಡ ದುಂಡು, ತುದಿ ಚೂಪು

ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಬರುವಾಗ ಹೆದ್ದಾರಿಯಲ್ಲಿ ಫ್ಯಾನಿನ ರೆಕ್ಕೆ ಹೊತ್ತ ಟ್ರೇಲರ್ ಸಿಕ್ಕಿತೆಂದರೆ ಅವಸರವನ್ನು ಮಡಿಸಿ ಜೇಬಿಗಿಟ್ಟುಕೊಳ್ಳಬೇಕು. ವಿಂಡ್ ಟರ್ಬೈನ್ ಎಂಬುದೆಲ್ಲ ಕಂಪನಿಯವರ ಮಾತು. ನಮ್ಮ ಕಡೆ ಅದು ಫ್ಯಾನು. ಜೋಗಿಮಟ್ಟಿಯ ಮೇಲೋ ಹೊಸದುರ್ಗದ ಗುಡ್ಡಸಾಲಿನಲ್ಲೋ ನಿಂತು ಆಷಾಢದ ಗಾಳಿಗೆ ತಿರುಗುವಾಗ ಅದು ಕಣ್ಣಿಗೆ ಕಾಣುವುದು ಬೆರಳುದ್ದ. ಹಿಡಿದು ಮಲಗಿಸಿ ರಸ್ತೆಗೆ ತಂದಾಗ ಗೊತ್ತಾಗುತ್ತದೆ ಬಂಡವಾಳ. ಸುಜ್ಲಾನ್‌ನ ಎಸ್111 ಮಾದರಿಯಲ್ಲಿ ರೆಕ್ಕೆಗಳು ಸುತ್ತುವ ವೃತ್ತದ ಅಡ್ಡಳತೆ 111.8 ಮೀಟರ್. ಅಂದರೆ ಒಂದೊಂದು ರೆಕ್ಕೆಯೂ ಐವತ್ತು ಮೀಟರಿಗಿಂತ ಉದ್ದ. ತಿರುವಿನಲ್ಲಿ ಅದರ ಬುಡಕ್ಕೂ ತುದಿಗೂ ಮಾತುಕತೆಯೇ ನಿಂತುಹೋಗುತ್ತದೆ.

ಅದರ ಪಕ್ಕ ನಿಧಾನವಾಗಿ ಸರಿಯುತ್ತ ನೋಡಿ. ಬುಡ ಅಚ್ಚುಕಟ್ಟಾದ ದುಂಡು, ಅಂಚಿನ ಸುತ್ತ ಬೋಲ್ಟುಗಳ ಸಾಲು. ನಾಲ್ಕು ಮಾರು ಮುಂದೆ ಹೋದರೆ ದುಂಡು ಚಪ್ಪಟೆಯಾಗತೊಡಗುತ್ತದೆ. ಒಂದು ಪಕ್ಕ ಉಬ್ಬಿ, ಇನ್ನೊಂದು ಪಕ್ಕ ಎಳೆದುಕೊಂಡು ಅಂಚಾಗುತ್ತದೆ. ಅಲ್ಲಿಂದ ತುದಿಯವರೆಗೆ ವಿಮಾನದ ರೆಕ್ಕೆಯದೇ ಚಹರೆ. ಜೊತೆಗೆ ಮೈಯಿಡೀ ಒಂದು ಸಣ್ಣ ತಿರುಚು. ಬುಡ ದುಂಡಾಗಿರಲೇಬೇಕು, ಏಕೆಂದರೆ ಗಾಳಿಯ ಪೆಟ್ಟೆಲ್ಲ ಬಂದು ಸೇರುವುದು ಅಲ್ಲಿಗೇ. ಮೇಲಾಗಿ ಗಾಳಿ ಜೋರಾದಾಗ ರೆಕ್ಕೆ ಬೇರಿಂಗಿನ ಮೇಲೆ ತನ್ನಷ್ಟಕ್ಕೆ ತಾನೇ ಹೊರಳಬೇಕು. ತುದಿಯ ಕಷ್ಟ ಬೇರೆ. ದೂರದಿಂದ ಸೋಮಾರಿಯಂತೆ ಕಾಣುವ ಫ್ಯಾನಿನ ತುದಿ ಗಂಟೆಗೆ 250 ಕಿ.ಮೀ.ಗೂ ಮಿಕ್ಕಿ ಓಡುತ್ತಿರುತ್ತದೆ. ಬುಡದ ಹತ್ತಿರ ಆ ವೇಗವಿಲ್ಲ. ಹಾಗಾಗಿ ಒಂದೇ ಗಾಳಿ ಬುಡಕ್ಕೆ ಒಂದು ದಿಕ್ಕಿನಿಂದ, ತುದಿಗೆ ಇನ್ನೊಂದು ದಿಕ್ಕಿನಿಂದ ಬಂದಂತಾಗುತ್ತದೆ. ತಿರುಚು ಇರುವುದು ಇಬ್ಬರನ್ನೂ ಸಮಾಧಾನಪಡಿಸಲು.

ನೆಂಟರ ಹುಡುಗನೊಬ್ಬ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಾನೆ. ಊರ ಗುಡ್ಡದ ತುಂಬ ಇಷ್ಟೊಂದು ಫ್ಯಾನಿರುವಾಗ ಪ್ರಾಜೆಕ್ಟಿಗೆ ಬೇರೆ ಏನು ಹುಡುಕುವುದೆಂದು ರೆಕ್ಕೆಯನ್ನೇ ಕ್ಯಾಡ್‌ನಲ್ಲಿ ಬಿಡಿಸಲು ಕೂತ. ಒಂದು ಪ್ಲೇನಿನಲ್ಲಿ ವೃತ್ತ, ದೂರದ ಇನ್ನೊಂದು ಪ್ಲೇನಿನಲ್ಲಿ ರೆಕ್ಕೆಯ ಅಡ್ಡಕೊಯ್ತ, ಆಮೇಲೆ ಲಾಫ್ಟ್ ಎಂಬ ಗುಂಡಿ. ಎರಡನ್ನೂ ಸೇರಿಸಿ ನಡುವಿನ ಮೈಯನ್ನು ತುಂಬಿಕೊಡುವುದು ಅದರ ಕೆಲಸ. ಒತ್ತಿದ. ಲ್ಯಾಪ್‌ಟಾಪು ಸ್ವಲ್ಪ ಹೊತ್ತು ಧ್ಯಾನ ಮಾಡಿ, ಹಿಂಡಿಟ್ಟ ಟವೆಲ್ಲಿನಂಥದ್ದೊಂದನ್ನು ಪರದೆಯ ಮೇಲೆ ಇಟ್ಟಿತು.

ತಪ್ಪು ಹುಡುಗನದೆಂದು ಹೇಳಲಾರೆ. ರೆಕ್ಕೆಯ ಕೊಯ್ತಕ್ಕೆ ಹಿಂಬದಿಯಲ್ಲಿ ಒಂದು ಚೂಪು ಅಂಚಿದೆ. ವೃತ್ತಕ್ಕೆ ಮೂಲೆಯೇ ಇಲ್ಲ. ವೃತ್ತದ ಯಾವ ಚುಕ್ಕೆ ಹೋಗಿ ಆ ಅಂಚನ್ನು ಸೇರಬೇಕು? ಹೇಳದಿದ್ದರೆ ತಂತ್ರಾಂಶ ತಾನು ವೃತ್ತ ಎಳೆಯಲು ಶುರುಮಾಡಿದ ಚುಕ್ಕೆಯನ್ನೇ ತಂದು ಅಲ್ಲಿಗೆ ಕಟ್ಟುತ್ತದೆ, ದಾರಿಯುದ್ದಕ್ಕೂ ಮೈ ತಿರುಚಿಕೊಂಡರೂ ಸರಿಯೇ. ಮಾರನೆಯ ದಿನ ಹುಡುಗ ನಡುವೆ ಇನ್ನಷ್ಟು ಕೊಯ್ತಗಳನ್ನು ಸೇರಿಸಿದ. ಈಗ ಪ್ರತಿ ಕೊಯ್ತವೂ ಲೆಕ್ಕಕ್ಕೆ ಸರಿ, ಅವುಗಳ ಸಂದಿನಲ್ಲೆಲ್ಲ ಉಬ್ಬುತಗ್ಗು. ಕಡೆಗೆ ಚುಕ್ಕೆಗಳನ್ನು ಒಂದಕ್ಕೊಂದು ಎದುರುಬದುರು ಹೊಂದಿಸಿ, ಉದ್ದಕ್ಕೂ ಗೈಡ್ ಕರ್ವ್ ಎಳೆದು, ಈ ದಾರಿಯಲ್ಲೇ ಹೋಗಪ್ಪಾ ಎಂದು ಕೈಹಿಡಿದು ನಡೆಸಿದ ಮೇಲೆ ರೆಕ್ಕೆ ರೆಕ್ಕೆಯಾಯಿತು.

ಇದೇ ಕೆಲಸವನ್ನು ಸೀಮೆಸುಣ್ಣದಲ್ಲಿ ಮುಗಿಸುವವರನ್ನು ನೋಡಬೇಕಾದರೆ ತಗಡಿನ ಕೆಲಸದವರ ಅಂಗಡಿಗೆ ಹೋಗಬೇಕು. ಹಿಟ್ಟಿನ ಗಿರಣಿಯ ಡಬ್ಬಿಗೆ ಮೇಲೆ ಚೌಕ ಬಾಯಿ, ಕೆಳಗೆ ದುಂಡು ಕೊಳವೆ. ಹೊಸದುರ್ಗದಲ್ಲಿ ಒಬ್ಬರು ತಗಡು ಹಾಸಿ ನಾಲ್ಕು ಚಪ್ಪಟೆ ತ್ರಿಕೋನ, ಅವುಗಳ ನಡುವೆ ಮೂಲೆಗೊಂದರಂತೆ ನಾಲ್ಕು ಬಾಗುವ ತುಂಡುಗಳ ಗೆರೆ ಎಳೆದರು. ಎಂಜಿನಿಯರಿಂಗ್ ಡ್ರಾಯಿಂಗಿನ ಪುಸ್ತಕ ಪುಟಗಟ್ಟಲೆ ಹೇಳುವುದೂ ಇದನ್ನೇ. ಗಿರಾಕಿಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: “ಜೋಡಣೆ ಯಾವ ಕಡೆ ಬರ್ಲಿ?” ಹುಡುಗನ ಲ್ಯಾಪ್‌ಟಾಪು ಕೇಳದೇ ಬಿಟ್ಟ ಪ್ರಶ್ನೆ ಇದು. ಗಿರಾಕಿ ಹೇಗಾದರೂ ಮಾಡಿ ಅಂದ. ಅವರು ಮೂಲೆ ಬಿಟ್ಟು ಚಪ್ಪಟೆ ಮೈಯ ನಡುವಿಗೆ ಹಾಕಿದರು. ಅಲ್ಲಿ ಜೋಡಣೆಯ ಗೆರೆಯೂ ಗಿಡ್ಡ, ಬಡಿಯುವುದೂ ಸುಲಭ.

ಶಿಲ್ಪಿಗಳು ಇನ್ನೂ ಜಾಣರು. ದಕ್ಷಿಣದ ದೇವಸ್ಥಾನಗಳ ಕಂಬದಲ್ಲಿ ಬುಡದ ಚೌಕ ಎಂಟು ಮೂಲೆಯಾಗುವ ಕಡೆ, ಕತ್ತರಿಸಿಹೋದ ಮೂಲೆಗಳ ಮೇಲೆ ಒಂದೊಂದು ಹಾವಿನ ಹೆಡೆ ಕೂರಿಸಿಬಿಡುತ್ತಾರೆ. ನಾಗಬಂಧ. ನೋಡುವವರು ಕೈಮುಗಿಯುತ್ತಾರೆ, ಚೌಕ ಎಲ್ಲಿ ಮುಗಿಯಿತು ಎಂದು ಕೇಳುವುದಿಲ್ಲ. ಹಡಗು ಕಟ್ಟುವವರಿಗೆ ಈ ಸೌಕರ್ಯವಿರಲಿಲ್ಲ. ಅವರು ದೊಡ್ಡ ಅಟ್ಟದ ನೆಲದ ಮೇಲೆ ಹಡಗಿನಷ್ಟೇ ದೊಡ್ಡದಾಗಿ ಗೆರೆ ಎಳೆದು, ತೆಳು ಮರದ ಪಟ್ಟಿಯನ್ನು ಬಾಗಿಸಿ, ಅದು ಜಾರದಂತೆ ಸೀಸದ ತೂಕ ಹೇರಿ ನಡುವಿನ ಆಕಾರ ಹುಡುಕಬೇಕಿತ್ತು. ಇಂಥ ಬಾಗುಗಳನ್ನು ಸೂತ್ರಕ್ಕೆ ಇಳಿಸುವ ಒಂದು ದಾರಿ ಸಿಕ್ಕಿದ್ದು ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ: ಸಿಟ್ರೊಯೆನ್‌ನಲ್ಲಿ ದ ಕಾಸ್ಟೆಲ್ಜೊ, ರೆನೊದಲ್ಲಿ ಬೆಜಿಯೆ, ಇಬ್ಬರೂ 1960ರ ಆಸುಪಾಸು. ಇಬ್ಬರೂ ಬೇರೆಬೇರೆಯಾಗಿ ತಲುಪಿದ್ದು ಒಂದೇ ಬಾಗಿಗೆ. ಕಂಪನಿ ಗುಟ್ಟು ಬಿಡಲಿಲ್ಲವಾಗಿ ಮೊದಲಿನವನ ಹೆಸರು ಹಿಂದೆ ಉಳಿಯಿತು, ಬಾಗು ಬೆಜಿಯೆಯದಾಯಿತು.

ಎರಡು ತುದಿ ಕೊಟ್ಟರೆ ನಡುವನ್ನು ತುಂಬಲು ತಂತ್ರಾಂಶವೇ ಬೇಕೆಂದಿಲ್ಲ. ಹೊಳಲ್ಕೆರೆ ಕಡೆಯ ಹಿರಿಯರೊಬ್ಬರಿಗೆ ಫ್ಯಾನುಗಳ ಮೇಲೆ ಖಾಯಂ ಸಿಟ್ಟು. “ಮೋಡ ನಿಲ್ಲಾಕೇ ಬಿಡಲ್ಲ ಇವು, ಬೀಸಿ ಬೀಸಿ ಓಡಿಸ್ತವೆ.” ಈ ಮಾತು ನಮ್ಮ ಜಿಲ್ಲೆಯ ಬಹಳ ಕಟ್ಟೆಗಳ ಮೇಲೆ ಕೇಳಸಿಗುತ್ತದೆ. ನಾನು ಹಿರಿಯೂರಿನ ಮಾರಿಕಣಿವೆ ಅಣೆಕಟ್ಟೆಯ ಲೆಕ್ಕ ತೆಗೆದೆ. ಕಟ್ಟಿ ಮುಗಿಸಿದ್ದು 1907ರಲ್ಲಿ, ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ, ಎರಡನೆಯ ಸಲ 2022ರಲ್ಲಿ. ಎರಡನೆಯ ಸಲ ಬೀಳುವಾಗ ಸುತ್ತ ಗುಡ್ಡಗಳ ತುಂಬ ಫ್ಯಾನು. ನಡುವೆ ಕೋಡಿ ಬೀಳದ ಎಂಬತ್ತೊಂಬತ್ತು ವರ್ಷಗಳಲ್ಲಿ ಬಹುಪಾಲು ಒಂದೂ ಫ್ಯಾನಿರಲಿಲ್ಲವಲ್ಲ?

ಅವರು ಕೊಂಚವೂ ವಿಚಲಿತರಾಗಲಿಲ್ಲ. ಬೀಡಿಯನ್ನು ಕಟ್ಟೆಗೆ ಉಜ್ಜಿ ಆರಿಸಿ, “ಅವಾಗ ಬೇರೆ ಏನೋ ಇತ್ತು” ಎಂದರು.