ಔಷಧದ ಲೇಬಲ್ ಸನ್ನಿಧಾನಕ್ಕೆ ಒಂದು ಬಹಿರಂಗ ಪತ್ರ

ಪರಮಪೂಜ್ಯ ಲೇಬಲ್ ಸನ್ನಿಧಾನದಲ್ಲಿ, ಅಬ್ಬಾಸಿಯಾ, ಸಾಲ್ಮಿಯಾ, ಮಂಗಾಫ್‌ಗಳ ಬಾಡಿಗೆ ಮನೆಗಳಲ್ಲಿರುವ ಕುವೈತ್ ಕನ್ನಡಿಗರ ಪರವಾಗಿ ಸಲ್ಲಿಸುವ ಬಿನ್ನಹವೇನೆಂದರೆ:

ಯಾವ ಔಷಧ ಯಾವ ರೋಗಕ್ಕೆ ಎಂದು ಸರ್ಕಾರಿ ನಿಯಂತ್ರಕರು ಒಪ್ಪಿ ಮುದ್ರಿಸಿದ ಒಕ್ಕಣೆಯೇ ಸನ್ನಿಧಾನ. ಅಲ್ಲಿಲ್ಲದ ರೋಗಕ್ಕೆ ವೈದ್ಯರು ಅದೇ ಔಷಧ ಬರೆದರೆ ಅದು ‘ಆಫ್-ಲೇಬಲ್’ ಬಳಕೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇದು ಕದ್ದುಮುಚ್ಚಿ ನಡೆಯುವ ವ್ಯವಹಾರವಲ್ಲ. ಹೊಸ ರೋಗದ ಹೆಸರು ಸೇರಿಸಲು ಕಂಪನಿಯೇ ಹಣ ಸುರಿದು ಪ್ರಯೋಗ ನಡೆಸಿ ಅರ್ಜಿ ಹಾಕಬೇಕಾದ್ದರಿಂದ, ಪೇಟೆಂಟ್ ಮುಗಿದ ಹಳೆಯ ಔಷಧಗಳ ವಿಷಯದಲ್ಲಿ ಆ ಉಸಾಬರಿ ಯಾರಿಗೂ ಬೇಕಿಲ್ಲ.

ಥಾಲಿಡೊಮೈಡ್ ಅನ್ನೇ ನೋಡಬಹುದು. ಗರ್ಭಿಣಿಯರ ವಾಕರಿಕೆಗೆಂದು ಕೊಟ್ಟ ಈ ಮಾತ್ರೆ ಸಾವಿರಾರು ಶಿಶುಗಳ ಕೈಕಾಲು ಕಸಿದದ್ದರಿಂದಲೇ 1962ರಲ್ಲಿ ಅಮೆರಿಕದ ಔಷಧ ಕಾನೂನು ಬಿಗಿಯಾಯಿತು, ಆದ್ದರಿಂದ ಸನ್ನಿಧಾನದ ಬಿಗುಮಾನಕ್ಕೆ ಕಾರಣವಿಲ್ಲದೆ ಇಲ್ಲ. ಅದೇ ಮಾತ್ರೆಗೆ 1998ರಲ್ಲಿ ಕುಷ್ಠರೋಗದ ಒಂದು ತೊಡಕಿನ ಚಿಕಿತ್ಸೆಗೆ ಒಪ್ಪಿಗೆ ದೊರೆಯಿತು. ಮರುವರ್ಷವೇ ಅದು ಮೈಲೋಮಾ, ಅಂದರೆ ಮೂಳೆಮಜ್ಜೆಯ ಕ್ಯಾನ್ಸರಿಗೂ ನಾಟುತ್ತದೆ ಎಂಬ ಅಧ್ಯಯನ ಪ್ರಕಟವಾದರೂ ಲೇಬಲ್ ಅದನ್ನು ಒಪ್ಪಿದ್ದು 2006ರಲ್ಲಿ. ನಡುವಿನ ಏಳು ವರ್ಷ ಮೈಲೋಮಾ ರೋಗಿಗೆ ಶಾಸ್ತ್ರೋಕ್ತವಾದ ದಾರಿ ಒಂದೇ ಇತ್ತು: ಮೊದಲು ಕುಷ್ಠ ಹಿಡಿಸಿಕೊಳ್ಳುವುದು.

ಸನ್ನಿಧಾನದ ಬಿಗುಮಾನ ನಮಗೆ ತಟ್ಟುವುದು ವಿಮೆಯ ಮೂಲಕ. ಕುವೈತಿನಲ್ಲಿ 1999ರ 1ನೇ ಕಾನೂನಿನಂತೆ ವಿದೇಶಿಯರಿಗೆ ಆರೋಗ್ಯ ವಿಮೆ ಕಡ್ಡಾಯ. ಅದಿಲ್ಲದೆ ವಾಸದ ಪರವಾನಗಿಯಾದ ಅಕಾಮಾ ನವೀಕರಣವಾಗದು. ವರ್ಷಕ್ಕೆ 50 ದಿನಾರ್ ಇದ್ದ ಈ ಶುಲ್ಕ 2025ರ ಡಿಸೆಂಬರಿನಲ್ಲಿ 100 ಆಯಿತು. 2022ರ ಡಿಸೆಂಬರಿನಿಂದ ಸರ್ಕಾರಿ ಕ್ಲಿನಿಕ್ಕಿನಲ್ಲಿ ಔಷಧಕ್ಕೆ 5, ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ 10 ದಿನಾರ್ ಬೇರೆ. ಇನ್ನು ಖಾಸಗಿ ಪಾಲಿಸಿಗಳ ಮುಖಪುಟದಲ್ಲಿ ನಗುವ ಸಂಸಾರವಿದ್ದರೆ, ಕೊನೆಯ ಪುಟಗಳಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಪ್ರಯೋಗಾತ್ಮಕ ಚಿಕಿತ್ಸೆ’ಗೆ ಹಣವಿಲ್ಲ ಎಂಬ ಷರತ್ತಿರುತ್ತದೆ. ಲೇಬಲ್ಲಿನಲ್ಲಿ ಇಲ್ಲದ್ದೆಲ್ಲ ಪ್ರಯೋಗವೇ ಎಂಬ ಭಾಷ್ಯ ಬರೆದವರು ವೈದ್ಯರಂತೂ ಅಲ್ಲ. ಮಂಗಳೂರಿಗೆ ಮರಳಿದರೂ ಬಿಡುಗಡೆಯಿಲ್ಲ. ಭಾರತದ ಪಾಲಿಸಿಗಳಲ್ಲಿ ಪರಿಹಾರದಿಂದ ಹೊರಗಿಟ್ಟವುಗಳ ಏಕರೂಪ ಪಟ್ಟಿಯ 16ನೆಯ ಬಾಬ್ತು ‘ಸಾಬೀತಾಗದ ಚಿಕಿತ್ಸೆ’.

ಮಾನ್ಯ ಔಷಧಕೋಶಗಳ ಬೆಂಬಲವಿದ್ದರೆ ಆಫ್-ಲೇಬಲ್ ಕ್ಯಾನ್ಸರ್ ಔಷಧಕ್ಕೂ ಹಣ ಕೊಡತಕ್ಕದ್ದೆಂದು ಅಮೆರಿಕವು ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್‌ಗೆ 1993ರಲ್ಲೇ ವಿಧಿಸಿತು. ಅಂಥದೊಂದು ಷರತ್ತನ್ನು ಇಲ್ಲಿಯೂ ಸೇರಿಸುವಂತೆ, ಅಲ್ಲಿಯವರೆಗೆ ಆ ಇರುವೆ ಸಾಲನ್ನಾದರೂ ಕಾರ್ಮಿಕನು ಓದಬಲ್ಲ ಭಾಷೆಯಲ್ಲಿ, ಸಹಿಗೆ ಮೊದಲೇ ತೋರಿಸುವಂತೆ, ವಿಮಾ ಕಂಪನಿಗಳಿಗೆ ಸನ್ನಿಧಾನವೇ ಅಪ್ಪಣೆ ಕೊಡಿಸಬೇಕೆಂದು ಪ್ರಾರ್ಥನೆ. ಅವು ಕೇಳುವುದು ಸನ್ನಿಧಾನದ ಮಾತನ್ನು ಮಾತ್ರ.